ಮೊಬೈಲ್ ಪರದೆಯಲ್ಲಿ ಅಡಿಕೆ ಧಾರಣೆ ಪಟ್ಟಿ ಕೂರಿಸುವುದು ಹೇಗೆ?

ಮಾರುಕಟ್ಟೆ, ದಿನಾಂಕ, ಬಗೆ (ರಾಶಿ, ಬೆಟ್ಟೆ ಇತ್ಯಾದಿ), ಆವಕ (ಮಾರುಕಟ್ಟೆಗೆ ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ದರ: ಒಟ್ಟು ಏಳು ಕಾಲಂ. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಎಡಬಲಕ್ಕೆ 16ರಂತೆ ಬಿಟ್ಟರೆ ಉಳಿಯುವುದು 328, ಅಂದರೆ ಕಾಲಂಗೆ ಸುಮಾರು 47. ‘ಶಿವಮೊಗ್ಗ’ ಎಂಬ ಹೆಸರೇ ಅದರಲ್ಲಿ ಹಿಡಿಸುವುದಿಲ್ಲ. ಪಟ್ಟಿಯನ್ನು ಅಡ್ಡಕ್ಕೆ ಸರಿಸುವಂತೆ ಮಾಡಿದರೆ ಬಗೆಯ ಹೆಸರು ಮರೆಯಾಗಿ, ರಾಶಿಯ ದರ ಯಾವುದು, ಬೆಟ್ಟೆಯದು ಯಾವುದು ತಿಳಿಯದು.

ಮಾರುಕಟ್ಟೆ ಮತ್ತು ದಿನಾಂಕವನ್ನು ಪರದೆಯ ಮೇಲ್ತುದಿಯ ಅಡ್ಡಪಟ್ಟಿಗೆ ಸಾಗಿಸಿ, ಕೆಳಕ್ಕೆ ಸರಿಸಿದರೂ ಅದು ಅಲ್ಲೇ ನಿಲ್ಲಲಿ. ಬಗೆಗೊಂದು ಸಾಲು ಸಾಕು. ಎಡಕ್ಕೆ ಬಗೆಯ ಹೆಸರು, ಅಕ್ಷರದ ಗಾತ್ರ 16 ಪಿಕ್ಸೆಲ್. ಅದರಡಿ ಆವಕ, 14. ಬಲಕ್ಕೆ ಮಾದರಿ ದರ, 22; ಅದರಡಿ ಕನಿಷ್ಠ–ಗರಿಷ್ಠ, 14. ಹೆಚ್ಚು ಮಾಲು ಮಾರಾಟವಾದ ದರವೇ ಮಾದರಿ ದರ, ಬೆಳೆಗಾರ ಹುಡುಕುವುದೂ ಅದನ್ನೇ. ಗರಿಷ್ಠವನ್ನು ದೊಡ್ಡದಾಗಿ ತೋರಿಸಿದರೆ ಸುಮ್ಮನೆ ಆಸೆ ಹುಟ್ಟಿಸಿದಂತೆ. ಅಂಕಿಗಳೆಲ್ಲ ಬಲಕ್ಕೆ ಒತ್ತಿ ನಿಲ್ಲಲಿ, ಸಮಾನ ಅಗಲದ ಅಂಕಿಗಳಿರುವ ಫಾಂಟ್ ಆಗಿರಲಿ. ‘ಕ್ವಿಂಟಲ್‌ಗೆ ರೂ.’ ಎಂದು ಮೇಲೆ ಒಮ್ಮೆ ಹೇಳಿದರೆ ಆಯಿತು.

14ಕ್ಕಿಂತ ಕೆಳಗೆ ಇಳಿಯಬೇಡಿ. ದ–ಧ, ಪ–ಫ ನಡುವೆ ಇರುವುದು ಅಡಿಯ ಒಂದು ಸಣ್ಣ ಸೀಳು ಮಾತ್ರ. ಅಕ್ಷರ ಚಿಕ್ಕದಾದರೆ, ಅದರಲ್ಲೂ ದಪ್ಪಗಿದ್ದರೆ, ಅದು ತುಂಬಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇರಲಿ. ಇಂಗ್ಲಿಷಿಗೆ ಅಳೆದ 1.2 ಇಟ್ಟರೆ ‘ರಾಷ್ಟ್ರೀಯ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಬಟನ್ನಿಗೆ ಎತ್ತರ ಬಿಗಿಮಾಡಿದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಕನಿಷ್ಠ ಎತ್ತರ 48 ಎಂದು ಕೊಟ್ಟು ಬೆಳೆಯಲು ಬಿಡಿ. ಉದ್ದದ ಹೆಸರನ್ನು ಇಷ್ಟೇ ಅಕ್ಷರ ಎಂದು ಕೋಡಿನಲ್ಲಿ ಕತ್ತರಿಸಿದರೆ ‘ತೀರ್ಥಹಳ್ಳಿ’ ಹೋಗಿ ‘ತೀರ್’ ಉಳಿದೀತು. ಎರಡನೇ ಸಾಲಿಗೆ ಇಳಿಯಲಿ ಬಿಡಿ.

ವಹಿವಾಟು ನಡೆಯದ ದಿನ 0 ತೋರಿಸಲೇಬಾರದು, ದರ ಬಿದ್ದಿದೆ ಎಂದೇ ಓದುತ್ತಾರೆ. ಹಿಂದಿನ ವಹಿವಾಟಿನ ದರವನ್ನು ಅದರ ದಿನಾಂಕದೊಂದಿಗೆ ಕೊಡಿ. ಏರಿಳಿತಕ್ಕೆ ಹಸಿರು–ಕೆಂಪು ಬಣ್ಣವಷ್ಟೇ ಸಾಲದು, ▲ ▼ ಗುರುತೂ ಬೇಕು.

ಬೂದುಬಣ್ಣದ ಅಕ್ಷರ ಆಫೀಸಿನಲ್ಲಿ ಚೆಂದ, ಅಂಗಳದ ಬಿಸಿಲಲ್ಲಿ ಮಾಯ. ಹಿನ್ನೆಲೆಗೂ ಅಕ್ಷರಕ್ಕೂ 4.5:1 ಕಾಂಟ್ರಾಸ್ಟ್ (ಬೆಳಕಿನ ಅನುಪಾತ) ಕನಿಷ್ಠ. ದರಕ್ಕೆ 7:1 ಇರಲಿ. ಕೊನೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಪೂರ್ತಿ ಏರಿಸಿ, ಬೆಳಕನ್ನು ಅರ್ಧಕ್ಕೆ ಇಳಿಸಿ, ಹೊರಗೆ ನಿಂತು ನೋಡಿ. ಹೆಸರೂ ದರವೂ ಒಂದರ ಮೇಲೊಂದು ಬಿದ್ದರೆ, ಆ ಗಾತ್ರದಲ್ಲಿ ದರ ಹೆಸರಿನ ಕೆಳಗಿನ ಸಾಲಿಗೆ ಬರುವಂತೆ ಮಾಡಿ.