ಪುಟ್ಟದೊಂದು ಮಾರ್ಕ್ಸ್ ಜನರೇಟರ್ ಕಟ್ಟಿದ ಅನುಭವ: ಲೆಕ್ಕ ಶುರುವಾಗಿದ್ದು ಹಣ್ಣಿನ ರಸದಿಂದ

ಪಲ್ಸ್ಡ್ ಪವರ್, ಅಂದರೆ ಕೂಡಿಟ್ಟ ವಿದ್ಯುತ್ ಶಕ್ತಿಯನ್ನು ಒಂದೇ ಏಟಿಗೆ (ಪಲ್ಸ್) ಬಿಡುವ ತಂತ್ರ, ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕಿಲೋವೋಲ್ಟ್? ನನ್ನ ಮಟ್ಟಿಗೆ ವೋಲ್ಟೇಜ್ ಹುಟ್ಟಿಸುವುದು ಈ ಕೆಲಸದ ಸುಲಭದ ಭಾಗ. ಆ ಪಲ್ಸ್ ಹೋಗಿ ಬೀಳುವ ಜಾಗವನ್ನು, ಅಂದರೆ ಲೋಡ್ ಅನ್ನು, ಅರ್ಥ ಮಾಡಿಕೊಳ್ಳುವುದೇ ಕಷ್ಟ. ಹಣ್ಣಿನ ರಸದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಕುದಿಸದೆ ಕೊಲ್ಲಲು ಪ್ರಯೋಗಾಲಯಕ್ಕೊಂದು ಯಂತ್ರ ಬೇಕಿತ್ತು. ಅದಕ್ಕೆ ಆರಿಸಿದ್ದು ಮಾರ್ಕ್ಸ್ ಜನರೇಟರ್, ಅಂದರೆ ಹಲವು ಕೆಪಾಸಿಟರ್ (ಚಾರ್ಜ್ ಕೂಡಿಡುವ ಭಾಗ) ವೋಲ್ಟೇಜ್‌ಗಳನ್ನು ಕೂಡಿಸಿ ಒಮ್ಮೆಲೇ ಬಿಡುವ ಸಾಧನ. ಅದನ್ನು ಕಟ್ಟುವಾಗ ನಾನು ರಸದಿಂದ ಲೆಕ್ಕ ಶುರು ಮಾಡಿ, ಹಿಂದಕ್ಕೆ ಹಿಂದಕ್ಕೆ ಬಂದು, ಕೊನೆಗೆ ಕೆಪಾಸಿಟರ್ ತಲುಪಿದೆ. ಇವತ್ತಿಗೂ ಯಾರಾದರೂ ಕೇಳಿದರೆ ಇದೇ ದಾರಿ ಹಿಡಿಯಿರಿ ಅನ್ನುತ್ತೇನೆ.

ಮೂಲ ವಿಷಯ ಸರಳ. ಶಕ್ತಿಯನ್ನು ನಿಧಾನವಾಗಿ ಕೂಡಿಡುವುದು, ಥಟ್ಟನೆ ಬಿಡುವುದು. ನನ್ನ ಯಂತ್ರ ಒಂದು ಪಲ್ಸ್‌ಗೆ ಬಳಸುವುದು 40 ಜೌಲ್. 10 ವ್ಯಾಟ್‌ನ ಎಲ್‌ಇಡಿ ಬಲ್ಬ್ ನಾಲ್ಕು ಸೆಕೆಂಡ್ ಉರಿದರೆ ಅಷ್ಟು ಖರ್ಚಾಗುತ್ತದೆ. ಅದೇ 40 ಜೌಲ್ ಕೆಲವೇ ಮೈಕ್ರೋಸೆಕೆಂಡ್‌ಗಳಲ್ಲಿ ಹೊರಬಿದ್ದರೆ, ಅತಿ ಹೆಚ್ಚಿದ್ದಾಗ ಅದರ ಪವರ್ 16 ಮೆಗಾವ್ಯಾಟ್. ಕರೆಂಟ್ ಬಿಲ್ಲಿನಲ್ಲಿ ಕಾಣುವುದೇ ಇಲ್ಲ, ಆದರೆ ಜೀವಕೋಶದ ಪೊರೆಗೆ ಅದು ದೊಡ್ಡ ಏಟು.

ಆ ಏಟು ಹೇಗೆ ಬೀಳುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೊರೆಯ ಎರಡೂ ಕಡೆ ಸುಮಾರು 1 ವೋಲ್ಟ್ ವ್ಯತ್ಯಾಸ ಬಂದರೆ ಅದರಲ್ಲಿ ಸಣ್ಣ ರಂಧ್ರಗಳು ಬೀಳುತ್ತವೆ. ಉರುಟಾದ ಕೋಶವೊಂದರ ಮೇಲೆ ಬೀಳುವ ವೋಲ್ಟೇಜ್ ಎಂದರೆ ಹೊರಗಿನ ವಿದ್ಯುತ್ ಕ್ಷೇತ್ರ, ಕೋಶದ ತ್ರಿಜ್ಯ ಮತ್ತು ಒಂದೂವರೆ, ಈ ಮೂರರ ಗುಣಲಬ್ಧ. ಬ್ಯಾಕ್ಟೀರಿಯಾದ ತ್ರಿಜ್ಯ ಅರ್ಧ ಮೈಕ್ರೋಮೀಟರ್ ಅಂದುಕೊಳ್ಳಿ. 1 ವೋಲ್ಟ್ ಬರಬೇಕಾದರೆ ಸೆಂಟಿಮೀಟರಿಗೆ ಸುಮಾರು 13 ಕಿಲೋವೋಲ್ಟ್ ಬೇಕು. ಆಲೂಗೆಡ್ಡೆಯ ಕೋಶ ಅದಕ್ಕಿಂತ ನೂರು ಪಟ್ಟು ದೊಡ್ಡದು, ಹಾಗಾಗಿ ನೂರನೇ ಒಂದು ಪಾಲು ಸಾಕು. ಆಲೂಗೆಡ್ಡೆ ಚಿಪ್ಸ್ ಕಾರ್ಖಾನೆಗಳಲ್ಲಿ ಸೆಂಟಿಮೀಟರಿಗೆ 1 ಕಿಲೋವೋಲ್ಟ್ ಆಸುಪಾಸಿನ ಪಲ್ಸ್‌ಗಳಿಂದಲೇ ಗೆಡ್ಡೆ ಮೆತ್ತಗಾಗಿ, ನಯವಾಗಿ ಕತ್ತರಿಸಲು ಸಿಗುವುದು ಇದೇ ಕಾರಣಕ್ಕೆ. ನನಗೆ ಬೇಕಿದ್ದದ್ದು ಬ್ಯಾಕ್ಟೀರಿಯಾ. ಹೀಗಾಗಿ 13ರ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಂಡು 20 ಕಿಲೋವೋಲ್ಟ್ ಗುರಿ ಹಾಕಿಕೊಂಡೆ.

ಚೇಂಬರ್‌ನಲ್ಲಿ ಎರಡು ಸ್ಟೀಲ್ ಎಲೆಕ್ಟ್ರೋಡ್‌ಗಳು. ನಡುವೆ 1 ಸೆಂಟಿಮೀಟರ್ ಅಂತರ, ಮುಖದ ವಿಸ್ತೀರ್ಣ 20 ಚದರ ಸೆಂಟಿಮೀಟರ್. ಸೇಬಿನ ರಸದ ವಾಹಕತೆ ಮೀಟರಿಗೆ ಸುಮಾರು 0.2 ಸೀಮೆನ್ಸ್. ಅಂತರವನ್ನು ವಾಹಕತೆ ಮತ್ತು ವಿಸ್ತೀರ್ಣದ ಗುಣಲಬ್ಧದಿಂದ ಭಾಗಿಸಿದರೆ ಲೋಡ್‌ನ ರೋಧ 25 ಓಮ್. 20 ಕಿಲೋವೋಲ್ಟ್ ಕೊಟ್ಟರೆ ಹರಿಯುವುದು 800 ಆಂಪಿಯರ್. ಪಲ್ಸ್‌ನ ಅವಧಿ ಎಂದರೆ ರೋಧ ಮತ್ತು ಕೆಪಾಸಿಟರಿನ ಅಳತೆಯ ಗುಣಲಬ್ಧ. ಅದು 5 ಮೈಕ್ರೋಸೆಕೆಂಡ್ ಬೇಕು ಅಂದರೆ ಕೆಪಾಸಿಟರ್ 0.2 ಮೈಕ್ರೋಫ್ಯಾರಡ್. ನೋಡಿ, ಜನರೇಟರಿನ ಒಂದು ಸ್ಕ್ರೂ ಕೂಡ ತರುವ ಮೊದಲೇ ಅದರ ಮುಖ್ಯ ಅಂಕಿಗಳೆಲ್ಲ ಸಿಕ್ಕಿಬಿಟ್ಟವು.

ಇನ್ನು ಮಾರ್ಕ್ಸ್ ಸರ್ಕ್ಯೂಟ್. ಜರ್ಮನಿಯ ಎರ್ವಿನ್ ಮಾರ್ಕ್ಸ್ 1920ರ ದಶಕದಲ್ಲಿ ಕೊಟ್ಟ ಉಪಾಯ ಇದು. ಕೆಪಾಸಿಟರ್‌ಗಳನ್ನು ಸಮಾಂತರವಾಗಿ ಚಾರ್ಜ್ ಮಾಡಿ, ಬಿಡುವಾಗ ಕಿಡಿ ಹಾರಿ ಸ್ವಿಚ್‌ನಂತೆ ಕೆಲಸ ಮಾಡುವ ಸ್ಪಾರ್ಕ್ ಗ್ಯಾಪ್‌ಗಳ ಮೂಲಕ ಸರಣಿಯಲ್ಲಿ ಜೋಡಿಸುವುದು. ನಾನು ಐದು ಹಂತ ಇಟ್ಟೆ. ಪ್ರತಿ ಹಂತದಲ್ಲೂ 1 ಮೈಕ್ರೋಫ್ಯಾರಡ್, 4 ಕಿಲೋವೋಲ್ಟ್. ಸರಣಿಯಾದಾಗ 20 ಕಿಲೋವೋಲ್ಟ್, 0.2 ಮೈಕ್ರೋಫ್ಯಾರಡ್. ಚಾರ್ಜಿಂಗ್‌ಗೆ 10 ಕಿಲೋಓಮ್ ರೆಸಿಸ್ಟರ್‌ಗಳು. ಗ್ಯಾಪ್‌ಗಳ ಅಂತರ ಸುಮಾರು 1 ಮಿಲಿಮೀಟರ್. ಅಷ್ಟು ಅಂತರದ ಗಾಳಿಯಲ್ಲಿ 4 ಕಿಲೋವೋಲ್ಟ್ ದಾಟಿದ ಮೇಲೆಯೇ ಕಿಡಿ ಹಾರುವುದು. ಮೊದಲ ಗ್ಯಾಪ್‌ಗೆ ಕಿಡಿ ಶುರು ಮಾಡುವ ಟ್ರಿಗರ್ ಪಿನ್ ಇದೆ, ಉಳಿದವು ಅದರ ಹಿಂದೆ ತಾವಾಗಿಯೇ ಹಾರುತ್ತವೆ. ಐದೂ ಗ್ಯಾಪ್‌ಗಳನ್ನು ಒಂದೇ ಸಾಲಿನಲ್ಲಿ, ಒಂದಕ್ಕೊಂದು ಕಾಣುವ ಹಾಗೆ ಕೂರಿಸಿದೆ. ಮೊದಲ ಕಿಡಿಯ ನೇರಳಾತೀತ ಬೆಳಕು ಮುಂದಿನ ಗ್ಯಾಪ್ ಮೇಲೆ ಬಿದ್ದರೆ ಅಲ್ಲಿ ಎಲೆಕ್ಟ್ರಾನ್‌ಗಳು ಸಿದ್ಧವಾಗಿರುತ್ತವೆ, ತಡವಾಗದೆ ಹಾರುತ್ತದೆ. ಇಂಥ ಚಿಕ್ಕ ಜಾಣತನಗಳು ಸಿಕ್ಕಾಗಲೆಲ್ಲ ಈ ಕ್ಷೇತ್ರದ ಮೇಲೆ ನನಗೆ ಪ್ರೀತಿ ಹೆಚ್ಚುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಗುಳ್ಳೆಗಳು. ರಸದೊಳಗೆ ಒಂದು ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಅದರೊಳಗಿನ ಕ್ಷೇತ್ರ ಹೊರಗಿನದರ ಒಂದೂವರೆ ಪಟ್ಟು. ಅಂದರೆ 20 ಇದ್ದದ್ದು 30 ಆಗುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಬೇಕಾದದ್ದೂ ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟೇ! ಗುಳ್ಳೆಯಲ್ಲಿ ಹುಟ್ಟಿದ ಕಿಡಿ ಎರಡೂ ಎಲೆಕ್ಟ್ರೋಡ್‌ಗಳನ್ನು ಮುಟ್ಟಿದರೆ ಲೋಡ್ 25 ಓಮ್‌ನಿಂದ ಹೆಚ್ಚುಕಡಿಮೆ ಸೊನ್ನೆಗೆ ಬೀಳುತ್ತದೆ. ಆಗ ಕರೆಂಟ್ ಅನ್ನು ತಡೆಯುವುದು ಸರ್ಕ್ಯೂಟಿನ ಇಂಡಕ್ಟೆನ್ಸ್ (ಕರೆಂಟ್ ದಿಢೀರನೆ ಬದಲಾಗದಂತೆ ತಡೆಯುವ ಗುಣ) ಮಾತ್ರ. ನನ್ನದರಲ್ಲಿ ಅದು 2 ಮೈಕ್ರೋಹೆನ್ರಿ. 800 ಆಂಪಿಯರ್ ಇರಬೇಕಾದ ಕಡೆ 6,000ಕ್ಕೂ ಹೆಚ್ಚು ಹರಿಯುತ್ತದೆ. ಎಲೆಕ್ಟ್ರೋಡ್ ಮೇಲೆ ಗುಳಿ ಬೀಳುತ್ತದೆ, ಚೇಂಬರ್‌ನೊಳಗೆ ಆಘಾತ ತರಂಗ ಏಳುತ್ತದೆ. ಅದಕ್ಕೇ ರಸವನ್ನು ಮೊದಲು ನಿರ್ವಾತದಲ್ಲಿಟ್ಟು ಕರಗಿದ ಗಾಳಿಯನ್ನು ತೆಗೆದೆ. ಚೇಂಬರ್ ಅನ್ನು ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ತುಂಬಿಸುವ ಹಾಗೆ ಮಾಡಿದೆ. ಸ್ವಲ್ಪ ಒತ್ತಡವನ್ನೂ ಕೊಟ್ಟೆ. ಎಲೆಕ್ಟ್ರೋಡ್, ಪ್ಲಾಸ್ಟಿಕ್, ರಸ ಮೂರೂ ಸೇರುವ ಅಂಚಿನಲ್ಲಿ ಕ್ಷೇತ್ರ ಒಟ್ಟಾಗುತ್ತದೆ, ಹಾಗಾಗಿ ಅಂಚುಗಳನ್ನು ದುಂಡಗೆ ತಿರುವಿಸಿದೆ.

ಅಳತೆಯ ವಿಷಯಕ್ಕೆ ಬಂದರೆ, ವೋಲ್ಟೇಜ್ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ತೋರಿಸಿದ್ದನ್ನೆಲ್ಲ ನಂಬಬಾರದು. ಅರ್ಧ ಮೀಟರ್ ತಂತಿಗೆ ಸುಮಾರು ಅರ್ಧ ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 100 ನ್ಯಾನೋಸೆಕೆಂಡ್‌ನಲ್ಲಿ 800 ಆಂಪಿಯರ್ ಏರಿದರೆ ಆ ತಂತಿಯ ಎರಡು ತುದಿಗಳ ನಡುವೆ 4 ಕಿಲೋವೋಲ್ಟ್ ಹುಟ್ಟುತ್ತದೆ. ಎರಡೂ ತುದಿಗೆ ನಾವು 'ಅರ್ಥ್' ಅಂತ ಹೆಸರಿಟ್ಟಿರುತ್ತೇವೆ, ಅಲ್ವಾ? ಆ ಕ್ಷಣದಲ್ಲಿ ಅವೆರಡೂ ಒಂದೇ ಅಲ್ಲ. ನಾನು ಅರ್ಥ್‌ಗೆ ತಂತಿಯ ಬದಲು ಅಗಲವಾದ ತಾಮ್ರದ ತಗಡು ಬಳಸಿ, ಎಲ್ಲವನ್ನೂ ಒಂದೇ ಬಿಂದುವಿಗೆ ತಂದೆ. ಕರೆಂಟ್‌ಗೆ ರೊಗೊವ್‌ಸ್ಕಿ ಕಾಯಿಲ್ (ತಂತಿಯ ಸುತ್ತ ಕೂತು ಕರೆಂಟ್ ಅಳೆಯುವ ಸುರುಳಿ), ವೋಲ್ಟೇಜ್‌ಗೆ ಮೈಲುತುತ್ತದ ದ್ರಾವಣ ತುಂಬಿದ ಡಿವೈಡರ್ (ದೊಡ್ಡ ವೋಲ್ಟೇಜಿನ ಸಣ್ಣ ಪಾಲನ್ನು ಅಳೆಯಲು ಕೊಡುವ ಭಾಗ). ಪ್ರೋಬಿನ ತುದಿಯನ್ನು ಅದರ ಅರ್ಥ್‌ಗೇ ಮುಟ್ಟಿಸಿ ಒಂದು ಪಲ್ಸ್ ಬಿಡುವುದು ನನ್ನ ಕಟ್ಟುನಿಟ್ಟಿನ ಅಭ್ಯಾಸ. ಆಗಲೂ ಪರದೆಯ ಮೇಲೆ ಅಲೆ ಕಂಡರೆ ಅಷ್ಟೂ ಹೊರಗಿನಿಂದ ನುಸುಳಿದ ಸುಳ್ಳು ಸಂಕೇತ.

ಅದರ ಮೇಲೆ ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬ ಇಷ್ಟದ್ದು. ಚೇಂಬರ್‌ನಲ್ಲಿರುವುದು 20 ಮಿಲಿಲೀಟರ್ ರಸ. 40 ಜೌಲ್ ಬಿದ್ದರೆ ಅದು ಅರ್ಧ ಡಿಗ್ರಿ ಬಿಸಿಯಾಗಬೇಕು. ಹತ್ತು ಪಲ್ಸ್ ಬಿಟ್ಟು, ಎಲ್ಲವನ್ನೂ ಡಿಸ್ಚಾರ್ಜ್ ಮಾಡಿ, ಥರ್ಮಾಮೀಟರ್ ಇಟ್ಟರೆ 5 ಡಿಗ್ರಿ ಹತ್ತಿರ ತೋರಿಸಬೇಕು. ಸ್ಕೋಪಿನಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಗುಣಿಸಿ ಬಂದ ಶಕ್ತಿ ಇದಕ್ಕೆ ತಾಳೆಯಾದರೆ ಮಾತ್ರ ಆ ದಿನದ ಅಂಕಿಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತೇನೆ. ರಸ ಬಿಸಿಯಾದಂತೆ ಅದರ ವಾಹಕತೆ ಡಿಗ್ರಿಗೆ ಸುಮಾರು 2 ಶೇಕಡಾ ಏರುತ್ತದೆ, ಪಲ್ಸ್ ಅಷ್ಟು ಚಿಕ್ಕದಾಗುತ್ತದೆ. ಪಲ್ಸ್‌ಗಳು ಜಾಸ್ತಿಯಾದರೆ ನಡುವೆ ತಣ್ಣಗಾಗಿಸಲೇಬೇಕು. ಈ ವಿಧಾನ ಬ್ಯಾಕ್ಟೀರಿಯಾದ ಬೀಜಕಗಳನ್ನು ಕೊಲ್ಲುವುದಿಲ್ಲ. ಹಾಗಾಗಿ ರಸವನ್ನು ಆಮೇಲೂ ಫ್ರಿಜ್‌ನಲ್ಲೇ ಇಡಬೇಕು.

ಸುರಕ್ಷತೆಯಲ್ಲಿ ಸುಮ್ನೆ ಧೈರ್ಯ ತೋರಿಸಬಾರದು. ಮಾರ್ಕ್ಸ್‌ನಲ್ಲಿ ಒಂದು ಗ್ಯಾಪ್ ಹಾರದಿದ್ದರೂ ಹಂತಗಳಲ್ಲಿ ಚಾರ್ಜ್ ಉಳಿಯುತ್ತದೆ. ಹೊರಗಿನ ತುದಿಯನ್ನು ಅರ್ಥ್ ಮಾಡಿದರೆ ಒಳಗಿನ ಕೆಪಾಸಿಟರ್ ಖಾಲಿಯಾಯಿತು ಅಂತ ಅರ್ಥವಲ್ಲ. ನಾನು ಪ್ರತಿ ಹಂತಕ್ಕೂ ಬೇರೆ ಬೇರೆ ಬ್ಲೀಡರ್ ರೆಸಿಸ್ಟರ್ (ಉಳಿದ ಚಾರ್ಜ್ ಅನ್ನು ಮೆಲ್ಲಗೆ ಇಳಿಸುವಂಥದ್ದು) ಹಾಕಿದ್ದೇನೆ. ಕರೆಂಟ್ ಹೋದರೆ ತಾನಾಗಿ ಮುಚ್ಚಿಕೊಂಡು ಚಾರ್ಜ್ ಅನ್ನು ಇಳಿಸುವ ರಿಲೇ ಇದೆ. ಬಾಗಿಲು ತೆರೆದರೆ ಚಾರ್ಜಿಂಗ್ ನಿಲ್ಲುತ್ತದೆ. ಇಷ್ಟಾದ ಮೇಲೂ ಅರ್ಥಿಂಗ್ ರಾಡ್‌ನಿಂದ ಮೊದಲು ರೆಸಿಸ್ಟರ್ ಮೂಲಕ, ನಂತರ ನೇರವಾಗಿ ಒಂದೊಂದನ್ನೂ ಮುಟ್ಟಿಸುತ್ತೇನೆ. ಖಾಲಿ ಮಾಡಿ ಬಿಟ್ಟ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ವೋಲ್ಟೇಜ್ ಏಳಬಹುದು. ಅದಕ್ಕೆ ಎರಡು ತುದಿಗೂ ತಂತಿ ಕಟ್ಟಿಯೇ ಇಡುವುದು. ಒಬ್ಬರೇ ಇರುವಾಗ ಈ ಯಂತ್ರವನ್ನು ಚಾರ್ಜ್ ಮಾಡುವುದಿಲ್ಲ.

ಈಗ ಸ್ಪಾರ್ಕ್ ಗ್ಯಾಪ್‌ಗಳ ಜಾಗಕ್ಕೆ ಐಜಿಬಿಟಿಗಳನ್ನು, ಅಂದರೆ ಬೇಕಾದಾಗ ಹಚ್ಚಿ ಆರಿಸಬಹುದಾದ ಟ್ರಾನ್ಸಿಸ್ಟರ್ ಸ್ವಿಚ್‌ಗಳನ್ನು, ತರುತ್ತಿದ್ದೇನೆ. 1,200 ವೋಲ್ಟ್ ತಾಳುವ ಸ್ವಿಚ್ ಅನ್ನು 800 ವೋಲ್ಟ್‌ನಲ್ಲಿ ಬಳಸಿದರೆ 25 ಹಂತ ಬೇಕು. ಪ್ರತಿ ಹಂತದ ಸ್ವಿಚ್ ಅನ್ನು ನಿಯಂತ್ರಿಸುವ ಗೇಟ್‌ಗೂ ಆಪ್ಟಿಕಲ್ ಫೈಬರ್‌ನಲ್ಲಿ ಸಂಕೇತ ಕೊಡಬೇಕು. ಕೆಲಸ ಹೆಚ್ಚು ನಿಜ, ಆದರೆ ಗ್ಯಾಪ್ ಒಮ್ಮೆ ಹಾರಿದರೆ ಕೆಪಾಸಿಟರ್ ಬರಿದಾಗುವ ತನಕ ನಿಲ್ಲುವುದಿಲ್ಲ, ಐಜಿಬಿಟಿಯನ್ನು ಮಧ್ಯದಲ್ಲೇ ಆರಿಸಬಹುದು. ಗುಳ್ಳೆಯಲ್ಲಿ ಕಿಡಿ ಹುಟ್ಟಿತು ಅಂತ ಗೊತ್ತಾದ ಕೂಡಲೇ ಕೆಲವೇ ಮೈಕ್ರೋಸೆಕೆಂಡ್‌ನಲ್ಲಿ ಕರೆಂಟ್ ಕಡಿದುಬಿಡಬಹುದು.

ಲೋಡ್ ಬದಲಾದರೆ ಇದೇ ಲೆಕ್ಕ ಎಲ್ಲಿಗೋ ಕರೆದೊಯ್ಯುತ್ತದೆ. ನಾನು ತಪ್ಪಿಸಲು ಒದ್ದಾಡುವ ನೀರಿನೊಳಗಿನ ಕಿಡಿಯೇ ಮೂತ್ರಪಿಂಡದ ಕಲ್ಲು ಒಡೆಯುವ ವೈದ್ಯರಿಗೆ ಬೇಕಾದದ್ದು. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಆ ಚಿಕಿತ್ಸೆ ಕೊಟ್ಟಾಗ ಆಘಾತ ತರಂಗ ಹುಟ್ಟಿಸಿದ್ದು ಅಂಥ ಕಿಡಿಯೇ. ಪೊರೆಯಲ್ಲಿ ರಂಧ್ರ ಮಾಡುವ ಪಲ್ಸ್ ಈಗ ಹೃದಯದ ಬಡಿತ ತಪ್ಪುವ ಕಾಯಿಲೆಗೂ ಬಂದಿದೆ. ಅಂಥ ಮೊದಲ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಝಡ್ ಎಂಬ ದೈತ್ಯ ಪಲ್ಸ್ ಯಂತ್ರದ ತುದಿಯಲ್ಲಿ ಇರುವುದಂತೂ ಕೂದಲಿಗಿಂತ ತೆಳುವಾದ ತಂತಿಗಳ ಪುಟ್ಟ ಪಂಜರ. ಅದರಲ್ಲಿ 2 ಕೋಟಿ ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ. ಅಲ್ಲೂ ಶುರುವಿನಲ್ಲಿ ಇರುವುದು ಮಾರ್ಕ್ಸ್ ಜನರೇಟರ್‌ಗಳೇ.

ಐಜಿಬಿಟಿ ಯಂತ್ರಕ್ಕೆ ನಾನು ಹಾಕಿಕೊಂಡಿರುವ ಮೊದಲ ಲೋಡ್ ಆಲೂಗೆಡ್ಡೆ. ಕೋಶಗಳು ಒಡೆದಷ್ಟೂ ಗೆಡ್ಡೆಯ ವಾಹಕತೆ ಏರುತ್ತಾ ಹೋಗುತ್ತದೆ. ಹಾಗಾಗಿ ಪ್ರತಿ ಪಲ್ಸ್ ಆದ ಮೇಲೆ ಅದನ್ನು ಅಳೆದು, ಏರುವುದು ನಿಂತ ಕೂಡಲೇ ಯಂತ್ರವೂ ನಿಲ್ಲುವ ಹಾಗೆ ಮಾಡುವ ಕೆಲಸ ನಡೆದಿದೆ.