ದಿನವಿಡೀ ಡೈಪರ್ ಕಟ್ಟಬೇಡಿ, ತುಂಡು ಕೌದಿ ಹಾಸಿ

ವೃದ್ಧಾಶ್ರಮದಲ್ಲಿ ಆರೈಕೆ ಮಾಡುವ ಹುಡುಗಿಯರಿಗೆ, ಮನೆಯಲ್ಲಿ ಅತ್ತೆ-ಮಾವನ್ನ ನೋಡಿಕೊಳ್ಳುವ ಸೊಸೆಯಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಬಾಯಿಂದ ಹೇಳಿ ಹೇಳಿ ಸಾಕಾಯಿತು. ಧಾರವಾಡದಲ್ಲಿ ನಾನು ಹೋಗಿಬರುವ ಕಡೆಯೆಲ್ಲ ಇದೇ ಕಾಣುತ್ತದೆ. ಬೆಳಗಾಯಿತೋ ಇಲ್ಲವೋ, ಸಾಲಾಗಿ ಎಲ್ಲರಿಗೂ ಡೈಪರ್. ಕೋಲು ಹಿಡಿದು ನಡೆಯುವ ಅಜ್ಜಿಗೂ ಡೈಪರ್. "ಅದ್ರಾಗ ಮಾಡ್ರಿ ಅಜ್ಜಿ, ಏನಾಗೂದಿಲ್ಲ" ಅಂದರೆ ಆ ಜೀವಕ್ಕೆ ಹೇಗಾಗಬೇಡ?

ಕೈಹಿಡಿದು ನಡೆಸಿದರೆ ಬರುವವರನ್ನು ಎರಡು ತಾಸಿಗೊಮ್ಮೆ ಬಚ್ಚಲಿಗೆ ಕರೆದೊಯ್ಯಿರಿ. ನಡೆಯಲಾಗದಿದ್ದರೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಊಟವಾದ ಮೇಲೆ, ಚಹಾ ಕುಡಿದ ಮೇಲೆ ಮರೆಯದೆ ಕೇಳಿ. ಅರ್ಧ ಡೈಪರ್ ಇದರಲ್ಲೇ ಉಳಿಯುತ್ತವೆ. ಒಳಗಿನ ನೀರು ಹೀರುವ ಪುಡಿ, ಹೊರಗಿನ ಪ್ಲಾಸ್ಟಿಕ್ ಯಾವುದೂ ಮಣ್ಣಲ್ಲಿ ಕರಗುವುದಿಲ್ಲ. ಒಂದೊಂದು ಆಶ್ರಮದಿಂದ ದಿನಕ್ಕೆ ಚೀಲಗಟ್ಟಲೆ ಹೋಗುತ್ತದೆ. ಅದನ್ನೂ ನೆಟ್ಟಗೆ ಸುತ್ತಿ ಕೊಡುವುದಿಲ್ಲ. ಇಂಥ ಕಸವನ್ನು ಗಟ್ಟಿಯಾಗಿ ಸುತ್ತಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಬಿಚ್ಚಿದ ಡೈಪರನ್ನು ಬರಿಗೈಯಲ್ಲಿ ಬೇರೆ ಮಾಡುವ ಪೌರಕಾರ್ಮಿಕರೂ ನಮ್ಮ ಹಾಗೆ ಮನುಷ್ಯರಲ್ವಾ?

ಪೂರ್ತಿ ಹಾಸಿಗೆ ಹಿಡಿದವರಿಗೆ ತುಂಡು ಕೌದಿ ಹಾಸಿ, ಅಂದರೆ ಹಳೆಯ ಅರಿವೆಯನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಮನೆ ಮಂದಿಯೆಲ್ಲ ಹೊದೆಯುವ ದೊಡ್ಡ ಕೌದಿಯಲ್ಲ ಇದು. ಸೊಂಟದಿಂದ ಮೊಣಕಾಲಿನವರೆಗೆ ಉದ್ದ, ಎರಡೂ ಮಗ್ಗುಲಿಗೆ ಹಾಸಿಗೆಯಡಿ ಸಿಕ್ಕಿಸುವಷ್ಟು ಅಗಲ ಇದ್ದರೆ ಸಾಕು. ನಮ್ಮವ್ವ ನನ್ನ ಅಜ್ಜಿಗೆ ಹೊಲಿದು ಹಾಸುತ್ತಿದ್ದಳು. ಅಜ್ಜಿ ಬಹಳ ಕಾಲ ಮಲಗಿದ್ದರೂ ಬೆನ್ನಿಗೆ ಒಂದು ಹುಣ್ಣು ಆಗಲಿಲ್ಲ.

ಮೇಲಿನ ಪದರಕ್ಕೆ ತೊಳೆದು ತೊಳೆದು ಮೆತ್ತಗಾದ ಹತ್ತಿಯ ಸೀರೆ. ನಡುವೆ ಹಳೆಯ ಧೋತ್ರವನ್ನು ನಾಲ್ಕೈದು ಮಡಿಕೆ, ಅಥವಾ ಸವೆದ ಟವೆಲ್. ಕೆಳಗೆ ಸ್ವಲ್ಪ ದಪ್ಪ ಅರಿವೆ. ಜರಿಯ ಅಂಚು, ಸೆರಗು ಮೊದಲೇ ಕತ್ತರಿಸಿ ತೆಗೆಯಿರಿ. ವಯಸ್ಸಾದವರ ಚರ್ಮ ಈರುಳ್ಳಿಯ ಮೇಲಿನ ಸಿಪ್ಪೆಯಷ್ಟು ತೆಳುವು. ಗೀರಲು ಜರಿಯೇ ಆಗಬೇಕಿಲ್ಲ, ಒಂದು ದಪ್ಪ ಹೊಲಿಗೆಯೂ ಸಾಕು. ಹತ್ತಿಯ ದಾರದಲ್ಲಿ ಅಂಚಿನಿಂದ ಶುರುಮಾಡಿ ಒಳಗೆ ಸುತ್ತುತ್ತಾ ಎರಡೆರಡು ಬೆರಳಿನ ಅಂತರದಲ್ಲಿ ಹೊಲಿಯಿರಿ. ಹೊದೆಯುವ ಕೌದಿಯಷ್ಟು ಒತ್ತಾಗಿ ಹೊಲಿದರೆ ಒಳಗಿನ ಪದರ ಒಣಗುವುದೇ ಇಲ್ಲ, ನಾತ ಬರುತ್ತದೆ. ಗಂಟುಗಳೆಲ್ಲ ಕೆಳಗಿನ ಮಗ್ಗುಲಿಗೇ ಬರಬೇಕು. ಒಂದು ಗಂಟು ಮೇಲೆ ಉಳಿದರೂ ಬಿಚ್ಚಿ ಮತ್ತೆ ಹಾಕಿ. "ಇಷ್ಟಕ್ಕೆಲ್ಲ ಯಾಕೆ ಅಷ್ಟು ಗಡಿಬಿಡಿ" ಅನ್ನುವವರು ಆ ಗಂಟಿನ ಮೇಲೆ ಒಂದು ರಾತ್ರಿ ಮಲಗಿ ನೋಡಲಿ. ಹೊಲಿದಾದ ಮೇಲೆ ಅಂಗೈಯನ್ನಲ್ಲ, ಮುಂಗೈಯನ್ನು ಅದರ ಮೇಲೆ ಎಳೆಯಿರಿ. ಎಲ್ಲೂ ತಾಕಬಾರದು. ಕೌದಿಯಡಿ ರಬ್ಬರ್ ಶೀಟು ಹಾಸಿದರೆ ಗಾದಿ ಕೆಡುವುದಿಲ್ಲ. ಒಬ್ಬರಿಗೆ ಐದಾರು ತುಂಡು ಇರಲಿ, ಮಳೆಗಾಲಕ್ಕೆ ಇನ್ನೂ ಜಾಸ್ತಿ.

ಅರಿವೆ ಹಸಿಯಾದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸುವಾಗ ಮುಟ್ಟಿ ನೋಡಿ, ಹಸಿಯಿದ್ದರೆ ಬದಲಿಸಿ. ಡೈಪರ್ ಹಸಿಯನ್ನು ಮುಚ್ಚಿಡುತ್ತದೆ. ಸಂಜೆಯವರೆಗೆ ಯಾರೂ ನೋಡುವುದಿಲ್ಲ.

ಒಗೆಯುವುದರಲ್ಲೇ ಹೆಚ್ಚಿನವರು ತಪ್ಪುವುದು. ಹೊಲಸಾಗಿದ್ದರೆ ಮೊದಲು ಕಕ್ಕಸಿಗೆ ಕೊಡವಿ, ಕೈಗವಸು ಹಾಕಿಕೊಂಡು. ಆಮೇಲೆ ತಣ್ಣೀರಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಸುರಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ನೀರು ಜಾಸ್ತಿ ಖರ್ಚಾಗುತ್ತದೆ ಅಂತ ರಾಗ ಎಳೆಯುತ್ತಾರೆ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಸವದತ್ತಿಯ ಮಲಪ್ರಭೆ ಜಲಾಶಯದಿಂದ ಬರಬೇಕು, ಅದರ ಬೆಲೆ ನನಗೂ ಗೊತ್ತು. ಆದರೆ ಅದೇ ಆಶ್ರಮದ ಆರ್‌ಒ ಯಂತ್ರ ಬಿಡುವ ನೀರು ಬಕೀಟುಗಟ್ಟಲೆ ಮೋರಿಗೆ ಹೋಗುತ್ತಿರುತ್ತದಲ್ಲ! ಅದನ್ನು ಹಿಡಿದಿಡಿ, ಮೊದಲ ಜಾಲಿಸುವಿಕೆಗೆ ಅದೇ ಆಗುತ್ತದೆ.

ಒಗೆಯಲು ಅಂಟುವಾಳ ಕಾಯಿಯ ಬೀಜ ತೆಗೆದುಹಾಕಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದು ಕುದಿ ಕುದಿಸಿ ಕಿವುಚಿ ಸೋಸಿ. ಅದರಲ್ಲಿ ಕೌದಿ ತುಸು ಹೊತ್ತು ನೆನೆದರೆ ಸಾಕು. ಸಬಕಾರದ ಹಾಗೆ ರಾಶಿ ನೊರೆ ಬರುವುದಿಲ್ಲ, ಅದಕ್ಕೆ ಹೆದರಬೇಡಿ. ಉಳಿದ ಚರಟದಿಂದ ಹಿತ್ತಾಳೆ ಪಾತ್ರೆ ತಿಕ್ಕಿ. ಈಗಿನವರು ದೇವರ ತಂಬಿಗೆಗೂ ತಂತಿಯ ಬ್ರಷ್ ಹಾಕಿ ಗೀರು ಮಾಡಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊನೆಯ ನೀರಿಗೆ ಹಿಂಡಿದ ಲಿಂಬೆಯ ಹೋಳು ನಾಲ್ಕು ಹಾಕಿದರೆ ಮೂತ್ರದ ವಾಸನೆ ಹೋಗುತ್ತದೆ. ಅರಿವೆ ಮೆತ್ತಗಾಗಲಿ ಅಂತ ಸುವಾಸನೆಯ ದ್ರಾವಣ ಸುರಿಯಬೇಡಿ. ಅದು ಎಳೆಗೆ ಹತ್ತಿಕೊಂಡರೆ ಕೌದಿ ನೀರು ಹೀರುವುದನ್ನೇ ಬಿಡುತ್ತದೆ. ಬಿಸಿಲಲ್ಲಿ ಎರಡೂ ಮಗ್ಗುಲು ಒಣಗಿಸಿ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಳಗೆ ಒಣಹಾಕಿ, ಮಡಚುವ ಮೊದಲು ಬಿಸಿ ಇಸ್ತ್ರಿ ಆಡಿಸಿ.

ಭೇದಿ ಹತ್ತಿದಾಗ, ಆಸ್ಪತ್ರೆಗೆ ಕರೆದೊಯ್ಯುವಾಗ, ನಿದ್ದೆ ಕೆಡಿಸಬಾರದ ರಾತ್ರಿ ಡೈಪರ್ ಹಾಕಿ. ಬೇಡ ಅನ್ನುವುದಿಲ್ಲ. ಸೋಂಕು ಇರುವವರ ಅರಿವೆಗೆ ಅಂಟುವಾಳ ಸಾಲದು. ಬೇರೆ ಇಟ್ಟು, ತಣ್ಣೀರಲ್ಲಿ ಜಾಲಿಸಿದ ಮೇಲೆ ಒಗೆಯುವ ಸೋಡಾ ಹಾಕಿ ಕುದಿಸಲೇಬೇಕು. ಬ್ಲೀಚಿಂಗ್ ಪುಡಿ ಹಾಕುವುದಾದರೆ ಮೂತ್ರ ಪೂರ್ತಿ ಜಾಲಿಸಿ ಹೋಗಿರಬೇಕು, ಲಿಂಬೆ ಹತ್ತಿರವೂ ಬರಬಾರದು. ಎರಡರಲ್ಲೂ ಉಸಿರು ಕಟ್ಟಿಸುವ ಕೆಟ್ಟ ಗಾಳಿ ಏಳುತ್ತದೆ.

ಇನ್ನು ಹುಟ್ಟುಹಬ್ಬ, ತಿಥಿ ಅಂತ ಆಶ್ರಮಕ್ಕೆ ಊಟ ಕೊಡಲು ಬರುವವರೇ, 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧ. ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ಅಲ್ಲಿ ಸ್ಟೀಲ್ ತಾಟು ಇವೆ, ಊಟವಾದ ಮೇಲೆ ನಾಲ್ಕು ಜನ ನಿಂತು ತೊಳೆದುಕೊಡಿ. ಬರುವಾಗ ಹಳೆಯ ಅರಿವೆ ತರುವುದಾದರೆ ಹತ್ತಿಯದೇ ತನ್ನಿ, ತೊಳೆದು, ಪಿನ್ನು-ಗುಂಡಿ ತೆಗೆದು. ಪಾಲಿಯೆಸ್ಟರ್ ಸೀರೆ ಒಂದು ಹನಿಯೂ ಹೀರುವುದಿಲ್ಲ, ಅದನ್ನು ತಂದು ಅವರ ಕಪಾಟು ತುಂಬಿಸಬೇಡಿ.