ಲಿನಕ್ಸ್‌ನಲ್ಲಿ ಎರಡು ಡಿಸ್ಕ್‌ಗಳ ರೇಡ್ 1 ಜೋಡಣೆ

ಮನೆಯಲ್ಲಿ ಅಥವಾ ಸಣ್ಣ ಕಚೇರಿಯಲ್ಲಿ ಫೋಟೊ, ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳಲು ರೇಡ್ 1 ಸಾಕು ಎಂಬುದು ನನ್ನ ಅಭಿಪ್ರಾಯ. ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಕೂಡಿಸುವ ವಿಧಾನವೇ ರೇಡ್; ಅದರ ಪಕ್ಕದ ಅಂಕಿ ಕೂಡಿಸುವ ಬಗೆಯನ್ನು ಹೇಳುತ್ತದೆ. ರೇಡ್ 1ರಲ್ಲಿ ಬರೆದದ್ದೆಲ್ಲ ಎರಡೂ ಡಿಸ್ಕ್‌ಗಳಲ್ಲಿ ದಾಖಲಾಗುವುದರಿಂದ 4 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗುವ ಜಾಗ 4 ಟಿಬಿಯೇ. ಆದರೆ ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ರೇಡ್ 0ರಲ್ಲಿ ವೇಗವಿದೆ, ರಕ್ಷಣೆಯಿಲ್ಲ. ಯಾವ ರೇಡ್ ಕೂಡ ಬ್ಯಾಕಪ್ ಅಲ್ಲ: ಕೈತಪ್ಪಿ ಅಳಿಸಿದ ಫೈಲು ಎರಡೂ ಕಡೆ ಒಟ್ಟಿಗೇ ಅಳಿಯುವುದರಿಂದ ಪ್ರತ್ಯೇಕ ಪ್ರತಿಯೊಂದು ಬೇರೆ ಕಡೆ ಇರಲೇಬೇಕು.

ಡಿಸ್ಕ್‌ಗಳನ್ನು ಕೂಡಿಸುವ ಮೊದಲು ಅವುಗಳ ಸೀರಿಯಲ್ ನಂಬರನ್ನು ಹೊರಗಿನಿಂದ ಕಾಣುವಂತೆ ಚೀಟಿಯಲ್ಲಿ ಬರೆದು ಅಂಟಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಮುಂದಿನ ಹಂತಗಳಲ್ಲಿ ಡಿಸ್ಕ್‌ನ ಹಳೆಯ ಮಾಹಿತಿ ಅಳಿಯುವ ಕಾರಣ, ಯಾವುದು ಯಾವುದೆಂದು ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಖಚಿತಪಡಿಸಿಕೊಳ್ಳಿ. ನಂತರ ಪ್ರತಿ ಡಿಸ್ಕ್‌ನಲ್ಲಿ ಜಿಪಿಟಿ ಮಾದರಿಯ ಪಾರ್ಟಿಶನ್ (ವಿಭಾಗ) ಮಾಡುವಾಗ ಕೊನೆಯಲ್ಲಿ ಸುಮಾರು 100 ಎಂಬಿ ಖಾಲಿ ಬಿಡಿ, ಏಕೆಂದರೆ ಮುಂದೆ ಬದಲಿಗೆ ತರುವ ಬೇರೆ ಕಂಪನಿಯ 4 ಟಿಬಿ ಡಿಸ್ಕ್ ತುಸು ಚಿಕ್ಕದಾಗಿದ್ದರೆ ಅದು ಜೋಡಣೆಗೆ ಸೇರುವುದೇ ಇಲ್ಲ.

ಈಗ ಲಿನಕ್ಸ್‌ನಲ್ಲಿ ರೇಡ್ ನಿಭಾಯಿಸುವ ಎಂಡಿಎಡಿಎಂ ತಂತ್ರಾಂಶದ ಕ್ರಿಯೇಟ್ ಆಜ್ಞೆಗೆ ಲೆವೆಲ್ 1 ಎಂದು ಸೂಚಿಸಿ, ಎರಡೂ ಪಾರ್ಟಿಶನ್‌ಗಳನ್ನು ಕೊಟ್ಟರೆ ಎಂಡಿ0 ಎಂಬ ಹೆಸರಿನ ಜೋಡಣೆ ಸಿದ್ಧವಾಗುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಮೊದಲ ಸಿಂಕ್ (ಎರಡೂ ಡಿಸ್ಕ್‌ಗಳನ್ನು ಒಂದೇ ಥರ ಮಾಡುವ ಕೆಲಸ) ಮುಗಿಯಲು ಏಳು ಗಂಟೆ ದಾಟುತ್ತದೆ. ಅಷ್ಟರೊಳಗೆ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಹಾಕಿಕೊಳ್ಳಬಹುದು. ಜೋಡಣೆಯ ವಿವರವನ್ನು ಎಂಡಿಎಡಿಎಂ ಕಾನ್ಫಿಗರೇಶನ್ ಫೈಲಿಗೆ ಸೇರಿಸಿ, ಉಬುಂಟು ಅಥವಾ ಡೆಬಿಯನ್‌ನಲ್ಲಿ ಬೂಟ್ ಆಗುವಾಗ ಮೊದಲು ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ನವೀಕರಿಸಿ. ಇಲ್ಲದಿದ್ದರೆ ರೀಬೂಟ್ ನಂತರ ಜೋಡಣೆ ಎಂಡಿ127 ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕ್ ಹೆಸರಿನ ಬದಲು ಫೈಲ್ ಸಿಸ್ಟಂನ ವಿಶಿಷ್ಟ ಗುರುತು ಸಂಖ್ಯೆಯಾದ ಯುಯುಐಡಿ ಬಳಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕೆಟ್ಟ ದಿನದ ಅಭ್ಯಾಸವನ್ನು ಒಳ್ಳೆಯ ದಿನದಲ್ಲಿ ಮಾಡದೆ ಯಾವ ಜೋಡಣೆಗೂ ನಿಮ್ಮ ಮುಖ್ಯ ಫೈಲುಗಳನ್ನು ಒಪ್ಪಿಸಬೇಡಿ. ಸಿಂಕ್ ಮುಗಿದ ಮೇಲೆ ಕೆಲವು ಫೈಲು ಹಾಕಿ, ಒಂದು ಪಾರ್ಟಿಶನ್ನನ್ನು ಫೇಲ್ ಎಂದು ಗುರುತಿಸಿ ಹೊರತೆಗೆಯಿರಿ. ಜೋಡಣೆಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲಿನಲ್ಲಿ ಚೌಕ ಆವರಣದೊಳಗಿದ್ದ ಎರಡು ಯು ಅಕ್ಷರಗಳಲ್ಲಿ ಒಂದು ಮಾಯವಾಗಿ ಅಡಿಗೆರೆ ಕಾಣಿಸುತ್ತದೆ. ಫೈಲುಗಳು ತೆರೆಯುತ್ತವೆಯೇ ನೋಡಿ. ಬಳಿಕ ತೆಗೆದ ಪಾರ್ಟಿಶನ್‌ನ ಸೂಪರ್‌ಬ್ಲಾಕ್ (ಅದು ಯಾವ ಜೋಡಣೆಯದೆಂದು ಹೇಳುವ ಗುರುತು) ಅಳಿಸಿ ಮತ್ತೆ ಸೇರಿಸಿದರೆ, ಹೊಸ ಡಿಸ್ಕ್ ತಂದಾಗ ನಡೆಯುವಂತೆಯೇ ಪೂರ್ತಿ ಪುನರ್ನಿರ್ಮಾಣ ನಡೆಯುತ್ತದೆ.

ಕೊನೆಯದಾಗಿ, ಕಾನ್ಫಿಗರೇಶನ್ ಫೈಲಿನಲ್ಲಿ ನಿಮ್ಮ ಇಮೇಲ್ ವಿಳಾಸ ಬರೆದು, ಎಂಡಿಎಡಿಎಂನ ಮಾನಿಟರ್ ಆಜ್ಞೆಯಿಂದ ಪರೀಕ್ಷಾ ಸಂದೇಶ ಕಳುಹಿಸಿ ನೋಡಿ. ಒಂದು ಡಿಸ್ಕ್ ಸತ್ತರೂ ಕಂಪ್ಯೂಟರ್ ಎಂದಿನಂತೆ ನಡೆಯುವುದರಿಂದ, ಆ ಸಂದೇಶ ತಲುಪದಿದ್ದರೆ ಎರಡನೆಯದೂ ಕೆಡುವವರೆಗೆ ನಿಮಗೆ ವಿಷಯವೇ ಗೊತ್ತಾಗುವುದಿಲ್ಲ.